ಗಡ್ಡೆ ಬಾರದ ಮನೆ

ಮಗುವಿನ ಮೂತ್ರ ಕೆಂಪಗಿತ್ತು. ಭಾನುವಾರ ಬೆಳಿಗ್ಗೆ ಮೂರು ವರ್ಷದ ಅನಘಳನ್ನು ಬಚ್ಚಲಿಗೆ ಕರೆದೊಯ್ದಿದ್ದ ಜಿನೇಶ್ ಅದನ್ನು ಕಂಡು ಕೂಗಿಬಿಟ್ಟ. ಆ ಕೂಗಿಗೆ ಹೆಂಡತಿ ಅಂಜಲಿ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಓಡಿಬಂದಳು. ಜಗಲಿಯಲ್ಲಿ ಜಪಸರ ಹಿಡಿದು ಕೂತಿದ್ದ ಅವನ ತಾಯಿ ಸುಶೀಲಮ್ಮ ಮಾತ್ರ ಏಳಲಿಲ್ಲ. ಮೊಮ್ಮಗಳು ಸೀನಿದರೂ ಮೊದಲು ಏಳುತ್ತಿದ್ದವರು ಅವರೇ.

ಮಗುವಿಗೆ ಬಂದ ಜ್ವರವೇನೋ ನಾಲ್ಕೇ ದಿನಕ್ಕೆ ಬಿಟ್ಟಿತ್ತು. ಬಿಟ್ಟ ಮೇಲೆ ರಕ್ತ ನೋಡಿಸಿದರೆ ಬಿಳಿ ರಕ್ತಕಣಗಳು ಇರಬೇಕಾದದ್ದರ ಅರ್ಧವೂ ಇರಲಿಲ್ಲ. ವೈರಸ್ ಜ್ವರದ ಬೆನ್ನಿಗೆ ಚಿಕ್ಕ ಮಕ್ಕಳಲ್ಲಿ ಹೀಗಾಗುವುದುಂಟು, ತಾನಾಗಿ ಏರುತ್ತದೆ ಎಂದಿದ್ದರು ಕಲ್ಪೆಟ್ಟದ ಡಾಕ್ಟರು. ಇದಕ್ಕೆ ಔಷಧವಿಲ್ಲ, ಇಂಥದ್ದೇ ತಿನ್ನಬೇಕೆಂದೂ ಇಲ್ಲ. ಜನ ಸೇರುವಲ್ಲಿಗೆ ಒಯ್ಯಬೇಡಿ, ಮತ್ತೆ ಜ್ವರ ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ, ಹದಿನೈದು ದಿನ ಕಾದು ಇನ್ನೊಮ್ಮೆ ನೋಡೋಣ, ಅಷ್ಟೇ ಎಂದಿದ್ದರು. ಹೇಳುವವರಿಗೆ ಅಷ್ಟೇ. ಇವತ್ತಿಗೆ ಹನ್ನೊಂದು ದಿನ, ಮನೆಯಲ್ಲಿ ಒಬ್ಬರೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಜಿನೇಶ್ ಡಾಕ್ಟರಿಗೆ ಫೋನ್ ಮಾಡಿದ.

"ಪನಿ ಮತ್ತೆ ಬಂತಾ?" ಎಂದರು ಅವರು.

"ಇಲ್ಲ ಡಾಕ್ಟರೇ, ಜ್ವರ ಇಲ್ಲ, ಮೈ ತಣ್ಣಗಿದೆ."

"ಬೀಟ್‌ರೂಟ್ ಏನಾದ್ರೂ ತಿಂದಿದ್ದಾಳಾ?"

ಅಂಥ ಗಾಬರಿಯಲ್ಲೂ ಜಿನೇಶನ ಕತ್ತು ಒಂದಿಷ್ಟು ನೆಟ್ಟಗಾಯಿತು. "ನಾವು ಜೈನರು ಡಾಕ್ಟರೇ. ನಮ್ಮನೆಗೆ ಗಡ್ಡೆ ತರೋದೇ ಇಲ್ಲ. ಅಮ್ಮನ ನಿಯಮ."

"ಹಾಗಿದ್ರೆ ಈಗಲೇ ಕರ್ಕೊಂಡು ಬನ್ನಿ. ರಕ್ತ, ಮೂತ್ರ ಎರಡೂ ನೋಡ್ಬೇಕು. ಅಡ್ಮಿಟ್ ಮಾಡ್ಬೇಕಾದೀತು, ಬಟ್ಟೆ ತನ್ನಿ."

ಸುಶೀಲಮ್ಮನ ನಿಯಮ ಮೀನಂಗಡಿಯ ಸುತ್ತ ಎಲ್ಲರಿಗೂ ಗೊತ್ತು. ಮೂವತ್ತೆರಡು ವರ್ಷದ ಹಿಂದೆ ಮುನಿಗಳ ಮುಂದೆ ಕೈಮುಗಿದು ಗಡ್ಡೆಗೆಣಸು ತಿನ್ನುವುದಿಲ್ಲ, ತಿನ್ನಿಸುವುದಿಲ್ಲ ಎಂದು ನಿಯಮ ತೆಗೆದುಕೊಂಡವರು. ಸ್ವಂತ ಹೊಲದಲ್ಲಿ ಶುಂಠಿ ಬೆಳೆದು ಮಾರುತ್ತಾರೆ, ಮನೆಯ ಚಹಾಕ್ಕೆ ಅದರ ಒಂದು ಚೂರೂ ಬೀಳುವಂತಿಲ್ಲ. ಬಸದಿಯಲ್ಲಿ ಯಾರದಾದರೂ ನಿಯಮ ಸಡಿಲಾಯಿತೆಂದು ಕಿವಿಗೆ ಬಿದ್ದರೆ ಸಾಕು, "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಎಂದು ಎಲ್ಲರೆದುರೇ ಅಂದುಬಿಡುತ್ತಾರೆ. ಹಾಗೆ ಅನ್ನಿಸಿಕೊಂಡ ಹೆಂಗಸರು ಕಡಿಮೆ ಜನವಲ್ಲ.

ಅಂಜಲಿ ಕೈಗೆ ಸಿಕ್ಕ ಬಟ್ಟೆ ತುರುಕಿಕೊಂಡು ಮಗುವನ್ನೆತ್ತಿ ಕಾರಿನಲ್ಲಿ ಕೂತಳು. ಕಾರು ಎಲ್ಲಿಗೆ ಹೊರಟಿದೆ ಎಂಬುದು ಅನಘಳಿಗೆ ತಿಳಿದುಹೋಯಿತು. ಹೋದ ಸಲ ನರ ಸಿಗದೆ ಮೂರು ಕಡೆ ಚುಚ್ಚಿದ್ದರು. "ಸೂಜಿ ಬೇಡ! ಅಜ್ಜೀ, ಸೂಜಿ ಬೇಡ!" ಎಂದು ಕಿಟಕಿಯಿಂದ ಎರಡೂ ಕೈ ಚಾಚಿ ಕಿರುಚಿದಳು.

ಸುಶೀಲಮ್ಮ ಎದ್ದರು. ಮೆಟ್ಟಿಲಿಳಿದು ಬರಿಗಾಲಲ್ಲೇ ಬಂದು ಕಾರಿನ ಮುಂದೆ ನಿಂತರು.

"ದಾರಿ ಬಿಡಮ್ಮ, ಹೊತ್ತಾಗ್ತದೆ," ಎಂದ ಜಿನೇಶ್.

"ಅದು ರಕ್ತ ಅಲ್ಲ ಜಿನೇಶಾ. ಬೀಟ್‌ರೂಟ್."

ಅವನಿಗೆ ಅರ್ಥವಾಗಲಿಲ್ಲ. ಎಂಜಿನ್ ಆರಿಸಿ ಕೆಳಗಿಳಿದ.

"ನಾನೇ ತಿನ್ನಿಸಿದ್ದು. ವಾರ ಆಯ್ತು. ರಕ್ತಕ್ಕೆ ಒಳ್ಳೇದು ಅಂತ ಪಕ್ಕದ ಮನೆ ಓಮನ ಹೇಳಿದ್ಲು. ನೀವಿಬ್ಬರೂ ಕೆಲಸಕ್ಕೆ ಹೋದ್ಮೇಲೆ ಅವಳ ಒಲೇಲಿ ಬೇಯಿಸ್ತಿದ್ದೆ. ಅವಳ ಕತ್ತಿ ಮೀನು ಮುಟ್ಟಿದ್ದು ಅಂತ ನಮ್ಮ ಕತ್ತಿ, ನಮ್ಮ ಪಾತ್ರೆ ತಗೊಂಡು ಹೋಗ್ತಿದ್ದೆ. ನಿನ್ನೆ ಅನಘ ಇನ್ನೊಂದು ಬಟ್ಟಲು ಬೇಕು ಅಂದ್ಲು. ಕೊಟ್ಟೆ."

ಬೇರೆ ದಿನವಾಗಿದ್ದರೆ ಆ ಕತ್ತಿಯ ಮಾತಿಗೆ ಅಂಜಲಿ ನಕ್ಕುಬಿಡುತ್ತಿದ್ದಳು. ಈಗ ಅವಳು ಮಗುವಿನ ತಲೆಗೆ ಕೆನ್ನೆಯಿಟ್ಟು ಅತ್ತಳು. ರಕ್ತವಲ್ಲ ಎಂಬ ಸಮಾಧಾನ ಎಷ್ಟಿತ್ತೆಂದರೆ ಕೋಪಕ್ಕೆ ಜಾಗವೇ ಇರಲಿಲ್ಲ. ಜಿನೇಶ್ ತಲೆ ತಗ್ಗಿಸಿ ಮತ್ತೆ ಫೋನ್ ಮಾಡಿದ. ಡಾಕ್ಟರು ಜೋರಾಗಿಯೇ ನಕ್ಕರು. ಬೀಟ್‌ರೂಟ್ ನಿಲ್ಲಿಸಿ ನಾಳೆಯವರೆಗೆ ನೋಡಿ, ಆಗಲೂ ಕೆಂಪಿದ್ದರೆ ಬನ್ನಿ, ಇಲ್ಲವಾದರೆ ಗುರುವಾರವೇ ಸಾಕು ಎಂದರು.

ಫೋನ್ ಜೇಬಿಗಿಟ್ಟು ಜಿನೇಶ್ ತಾಯಿಯ ಕಡೆ ತಿರುಗಿದ. "ಸ್ಕೂಲಲ್ಲಿ ಒಂದು ತುಂಡು ಕಪ್ಪ ತಿಂದೆ ಅಂತ ನನ್ನ ಇಡೀ ದಿನ ಉಪವಾಸ ಕೂರಿಸಿದ್ದೆ. ಆ ಮರಗೆಣಸು ಕಂಡ್ರೆ ಇವತ್ತಿಗೂ ಕೈ ಹಿಂದಕ್ಕೆ ಹೋಗ್ತದೆ. ನೀನಾ ಅಮ್ಮ ಹೀಗೆ ಮಾಡಿದ್ದು?"

"ಹೌದು. ಅವತ್ತು ನಿಂಗೆ ಏನೂ ಆಗಿರಲಿಲ್ಲ."

ಅಂಜಲಿ ಕಾರಿಳಿದು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಮೆಲ್ಲಗೆ ಕೇಳಿದಳು. "ಏನು ತಿಂದ್ರೂ ಅದು ಏರಲ್ಲ, ಸುಮ್ನೆ ಕಾದ್ರೆ ಸಾಕು ಅಂತ ಡಾಕ್ಟರು ಅವತ್ತೇ ಹೇಳಿದ್ರಲ್ಲ ಅತ್ತೆ. ನೀವೂ ಅಲ್ಲೇ ಕೂತಿದ್ರಿ."

"ಕೂತಿದ್ದೆ. ಎಲ್ಲಾ ಕೇಳಿಸ್ಕೊಂಡೆ." ಸುಶೀಲಮ್ಮ ಸೆರಗಿನಿಂದ ಮೊಮ್ಮಗಳ ಮೂಗು ಒರೆಸಿದರು. "ಸುಮ್ನೆ ಕಾಯೋಕಿಂತ ಪಾಪ ಮಾಡೋದೇ ಸುಲಭ ಇತ್ತಮ್ಮ."