ಡ್ಯಾಶ್‌ಬೋರ್ಡಿನ ನಿಂಬೆಹಣ್ಣು

ಕಾರಿನೊಳಗೆ ನಿಂಬೆಹಣ್ಣಿನ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಗ ನಾನು ಮೂರನೇ ಕ್ಲಾಸು. ಅಮ್ಮ ಕಾರು ಕಲಿತು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಗೇರು ಬೀಳದೆ ಕರಕರ ಎನ್ನತೊಡಗಿತು. ಬನಶಂಕರಿಯ ನಮ್ಮ ಮನೆಯ ಗೇಟಿನೊಳಗೇ ಅಪ್ಪ ಬಾನೆಟ್ ಎತ್ತಿದರು.

“ಯಾವಾಗ್ಲೂ ಹಾಫ್ ಕ್ಲಚ್ಚಲ್ಲೇ ಓಡಿಸ್ತೀಯ. ಪ್ಲೇಟ್ ಸುಟ್ಟುಹಾಕಿದೀಯ.”

“ಪೆಡಲ್ ಪೂರ್ತಿ ಕೆಳಗೆ ಹೋಗ್ತಾ ಇಲ್ಲ ಕಣ್ರೀ,” ಎಂದಳು ಅಮ್ಮ.

“ನಿಂಗೇನ್ ಗೊತ್ತು? ಸುಮ್ನೆ ಸ್ಪ್ಯಾನರ್ ಕೊಡು.”

ಮಧ್ಯಾಹ್ನವಿಡೀ ಅಪ್ಪ ಕ್ಲಚ್ ಕೇಬಲ್ಲನ್ನು ಬಿಗಿ ಮಾಡಿದರು, ಸಡಿಲ ಮಾಡಿದರು, ಮೊಳಕೈವರೆಗೆ ಗ್ರೀಸ್ ಮೆತ್ತಿಕೊಂಡರು. ಪಕ್ಕದ ಮನೆಯ ಅಂಕಲ್ ಕಾಂಪೌಂಡಿನ ಮೇಲಿಂದ ಇಣುಕಿ, “ಲೇಡೀಸ್ ಕೈಗೆ ಕೊಟ್ರೆ ಇಷ್ಟೇ ಸಾರ್,” ಎಂದು ನಕ್ಕರು. ಅಪ್ಪನೂ ನಕ್ಕರು!

ಅಮ್ಮ ನಗಲಿಲ್ಲ. ಕಾರಿನ ಬಾಗಿಲು ತೆರೆದು, ಮೊಣಕಾಲೂರಿ, ಕ್ಲಚ್ ಪೆಡಲಿನ ಹಿಂದೆ ಕೈಹಾಕಿದಳು. ಹೊರಬಂದದ್ದು ಒಣಗಿ ಕಲ್ಲಾಗಿದ್ದ, ಕುಂಕುಮ ಹತ್ತಿದ ನಿಂಬೆಹಣ್ಣು. ಅವಳು ಓಡಿಸುತ್ತಾಳಲ್ಲ ಎಂದು, ರಕ್ಷಣೆಗೆ ಅಪ್ಪನೇ ದೇವಸ್ಥಾನದಿಂದ ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದರು. ಅದು ಉರುಳಿ ಅಲ್ಲಿ ಸಿಕ್ಕಿಕೊಂಡಿತ್ತು.

ಅಪ್ಪ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. “ಸದ್ಯ, ಇದು ಇದ್ದಿದ್ದಕ್ಕೆ ಇಷ್ಟರಲ್ಲೇ ಮುಗೀತು,” ಎಂದರು.

ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡಿನ ಮೇಲೆ ಎರಡು ನಿಂಬೆಹಣ್ಣುಗಳಿದ್ದವು.