ಮಾವನ ಕಲ್ಲು

ಚಂದು ಇನ್ನೊಮ್ಮೆ ಎಣಿಸಿದ. ತನ್ನ ಕಲ್ಲಿನ ಮೇಲೆ ಏಳು ದೋಣಿಗಳು. ನೀರಡಿಯ ಆ ಬಂಡೆ ಎಲ್ಲಿದೆಯೆಂದು ಇಡೀ ಕಾಪುವಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವನಿಗೆ, ಮತ್ತು ಅವನ ಅಕ್ಕನ ಮಗ ಮನೀಶನಿಗೆ.

ಬಂಡೆಯ ಸಂದಿಗಳಲ್ಲಿ ಇರುವ ಮುರು ಎಂಬ ಮೀನು ಸಿಗುವ ಕಲ್ಲು ಅವರ ಮನೆತನದಲ್ಲಿ ಮಗನಿಗೆ ಹೋಗುವುದಲ್ಲ, ಅಳಿಯನಿಗೆ. ಚಂದುವಿಗೂ ಸೋದರಮಾವನೇ ತೋರಿಸಿದ್ದು. ದಡದ ದೀಪಸ್ತಂಭ ಯಾವ ತೆಂಗಿನ ಮರಕ್ಕೆ ನೇರವಾಗಿ ಬಂದಾಗ ಗಾಳ ಇಳಿಸಬೇಕೆಂದು ಮನೀಶನಿಗೆ ಹೇಳಲು ಅವನು ಹತ್ತು ವರ್ಷ ಕಾದಿದ್ದ. ಅಷ್ಟು ಕಾದು ಕೊಟ್ಟದ್ದನ್ನು ಈ ಮಹಾರಾಯ ಊರಿಗೆಲ್ಲ ಹಂಚಿಬಿಟ್ಟಿದ್ದ.

ಅನುಮಾನಕ್ಕೆ ಕಾರಣವಿತ್ತು. 2003ರ ಜನವರಿಯಲ್ಲಿ ಸಮುದ್ರದ ತಳ ಅಳೆಯುವವರು ಬಂದಾಗ ದಾರಿ ತೋರಿಸಲು ಹೋದವನು ಮನೀಶನೇ. ಹದಿನೈದು ದಿನ ಅವರ ದೋಣಿ ಗದ್ದೆ ಉಳುವ ಹಾಗೆ ಸಾಲು ಹಿಡಿದು ಕೊಲ್ಲಿಯಲ್ಲಿ ಓಡಾಡಿತು. ತಳಕ್ಕೆ ಸದ್ದು ಕಳಿಸಿ, ಅದು ಮರಳುವ ಹೊತ್ತಿನಿಂದ ಆಳ ತಿಳಿಯುವ ಯಂತ್ರ ಅದರಲ್ಲಿತ್ತು. ಮೊದಲ ದಿನ ಅವರ ಜೊತೆ ಹೊರಡುವ ಮುನ್ನವೇ ಚಂದು ಅಳಿಯನನ್ನು ಕರೆದು ಹೇಳಿದ್ದ: "ನಮ್ಮ ಕಲ್ಲಿನ ಹತ್ತಿರ ಅವರನ್ನು ಬಿಡಬೇಡ. ಬಲೆ ಹಾಕಿ ಉಂಟು ಅಂತ ಹೇಳು." ಅವರ ನಕ್ಷೆ ಮೀನುಗಾರರ ಸಂಘದ ಗೋಡೆಗೆ ಬಂದು ವಾರವಾಗಿತ್ತು. ಚಂದು ಅತ್ತ ತಲೆ ಹಾಕಿರಲಿಲ್ಲ.

ದಡಕ್ಕೆ ಬಂದವನೇ ಅಳಿಯನನ್ನು ತಡೆದ.

"ಯಾರಿಗೆಲ್ಲ ತೋರಿಸಿದೆ?"

"ನೀವು ಹೇಳಿದ ಹಾಗೆಯೇ ಮಾಡಿದ್ದೇನೆ, ಮಾವ."

"ಹಾಗಾದರೆ ಆ ಏಳು ದೋಣಿಯವರಿಗೆ ಮೀನು ಕನಸಿನಲ್ಲಿ ಬಂದು ಹೇಳಿತಾ? ಇನ್ನು ನನ್ನ ದೋಣಿಗೆ ಕಾಲಿಡಬೇಡ."

ಮನೀಶ ದೋಣಿಯಿಂದ ತನ್ನ ಚೀಲ ಎತ್ತಿಕೊಂಡು ನಡೆದ. ಮರುದಿನವೇ ಮಲ್ಪೆಗೆ ಹೋಗಿ ಯಾರದೋ ಬೋಟಿಗೆ ಸೇರಿಕೊಂಡ. ತಪ್ಪಿಲ್ಲದವನು ಹೀಗೆ ಬಾಯಿ ಮುಚ್ಚಿಕೊಂಡು ಹೋಗುತ್ತಾನೆಯೇ ಎಂದುಕೊಂಡ ಚಂದು. ಮೀನು ಹೋದದ್ದು ಹೋಗಲಿ, ತಾನು ಎತ್ತಿ ಆಡಿಸಿದ ಹುಡುಗನೇ ಬೆನ್ನಿಗೆ ಚೂರಿ ಹಾಕಿದನಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು. ಮೂರು ದಿನ ಅನ್ನ ಸೇರಲಿಲ್ಲ.

ನಾಲ್ಕನೆಯ ದಿನ, ದ್ರೋಹವನ್ನು ಕಣ್ಣಾರೆ ನೋಡಿಬಿಡೋಣವೆಂದು ಸಂಘಕ್ಕೆ ನಡೆದ. ಮೀನುಗಾರರು ನಕ್ಷೆಯ ಮುಂದೆ ಗುಂಪುಗೂಡಿದ್ದರು. ಅಳತೆ ಮಾಡಿದ ತಂಡದ ಅಶ್ವಿನಿ, ಧಾರವಾಡ ಕಡೆಯವಳು, ತಿಳಿ ನೀಲಿ ಎಂದರೆ ದಿಬ್ಬ, ಕಡು ನೀಲಿ ಎಂದರೆ ತಗ್ಗು ಎಂದು ವಿವರಿಸುತ್ತಿದ್ದಳು. ಉದ್ದಕ್ಕೂ ಆಳದ ಅಂಕಿಗಳು. ಚಂದು ದೀಪಸ್ತಂಭದ ಗುರುತು ಹುಡುಕಿ, ಅಲ್ಲಿಂದ ಕಡಲಿನತ್ತ ಬೆರಳು ಎಳೆದ. ಬೆರಳು ನಿಂತಿತು.

"ಇಲ್ಲಿ ಎಂತ ಇಲ್ಲವಲ್ಲ?"

"ಅಲ್ಲಿ ಬಲೆ ಅದಾವ ಅಂತ ನಿಮ್ಮ ಮನೀಶ್ ನಮ್ಮನ್ನ ಬಿಡಲೇ ಇಲ್ಲರೀ," ಎಂದಳು ಅಶ್ವಿನಿ. "ಅಳತೆ ಮಾಡದ ಜಾಗಕ್ಕ ನಾವು ಅಂದಾಜಿನ ಮ್ಯಾಲೆ ಬಣ್ಣ ತುಂಬೂದಿಲ್ಲ."

ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು. ಆ ಏಳು ದೋಣಿಗಳಲ್ಲಿ ಒಂದರ ಯಜಮಾನ, ಎಡ್ಮಂಡ್.

"ನಿಮ್ಮ ಅಳಿಯ ಬಾಯಿ ಬಿಡಲಿಲ್ಲ, ಚಂದಣ್ಣ. ಇಡೀ ಕೊಲ್ಲಿಗೆ ಅಂಕಿ ತುಂಬಿ ಇದೊಂದು ಜಾಗ ಮಾತ್ರ ಬೆಳ್ಳಗೆ ಬಿಟ್ಟರೆ, ಅಲ್ಲಿ ಎಂತ ಉಂಟು ಅಂತ ನಾವು ಹೋಗಿ ನೋಡದೆ ಇರುತ್ತೇವಾ?"