ಮಾವಿನ ತೋಪಿನ ಬೀಗ

ಮುರಳಿಮೋಹನ್ ಎರಡೂ ಕೈಯಿಂದ ಕಬ್ಬಿಣದ ಬಾಗಿಲು ಬಡಿದ. "ತೆಗೀರಿ! ಪೆದ್ದಪ್ಪನಿಗೆ ಫಿಟ್ಸ್ ಬಂದಿದೆ. ಡಾಕ್ಟರನ್ನ ಕರೀರಿ!"

ಕಿಂಡಿಯಲ್ಲಿ ಕಾವಲಿನ ಆಂಜಿಯ ಮುಖ ಕಾಣಿಸಿತು. ಬಾಯಲ್ಲಿ ಇನ್ನೂ ಬೆಳಗಿನ ಚಿತ್ರಾನ್ನವಿತ್ತು.

"ಎಣ್ಣೆ ಬಿಟ್ಟೋರಿಗೆಲ್ಲ ಹಂಗೇ ಆಗ್ತದೆ. ಮುಖಕ್ಕೆ ನೀರು ಹುಯ್ಯಿ, ಸರಿಹೋಗ್ತಾನೆ."

"ಸರಿಹೋಗಲ್ಲ ಕಣೋ, ಸತ್ತುಹೋಗ್ತಾನೆ! ದಿನಾ ಕುಡಿಯೋನಿಗೆ ಒಮ್ಮೆಲೇ ನಿಲ್ಲಿಸಿದ್ರೆ ಔಷಧಿ ಕೊಡಬೇಕು, ಡಾಕ್ಟರು ನೋಡ್ತಿರಬೇಕು. ಯಾವ ದೇಶಕ್ಕೆ ಹೋದ್ರೂ ಇದೇ ನಿಯಮ. ಇಂಥ ಕೇಂದ್ರಗಳನ್ನ ಪರೀಕ್ಷೆ ಮಾಡೋದೇ ನನ್ನ ಕೆಲಸ!"

ಆಂಜಿ ನಕ್ಕ. "ಮೊನ್ನೆ ಬಂದೋನು ತಹಶೀಲ್ದಾರ್ ಅಂದಿದ್ದ. ನೀನು ಪರೀಕ್ಷೆ ಮಾಡೋನಾ? ಸುಮ್ನೆ ಬಿದ್ಕೊಳ್ಳಯ್ಯಾ."

ಕಿಂಡಿ ಮುಚ್ಚಿತು.

ಮುರಳಿಮೋಹನ್ ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನ ಸಂಸ್ಥೆಯೊಂದರ ಪರವಾಗಿ ಅವನು ವ್ಯಸನಮುಕ್ತಿ ಕೇಂದ್ರಗಳ ಗುಣಮಟ್ಟ ಅಳೆಯುತ್ತಿದ್ದ. ಜಗತ್ತಿಗೆಲ್ಲ ಒಂದೇ ಅಳತೆಗೋಲು. ರೋಗಿಯ ಒಪ್ಪಿಗೆ ಬೇಕು. ಬೀಗ ಹಾಕಬಾರದು, ಕೈ ಎತ್ತಬಾರದು. ಗೌನಿಪಲ್ಲಿ ದಾರಿಯ ಈ ಮಾವಿನ ತೋಪಿನೊಳಗೆ ಆ ಅಳತೆಗೆ ನಿಲ್ಲುವಂಥದ್ದು ಒಂದೂ ಇರಲಿಲ್ಲ. ಅವನನ್ನು ಕುಡಿದು ಮಲಗಿದ್ದ ಹಾಗೇ ಮನೆಯಿಂದ ಎತ್ತಿ ವ್ಯಾನಿಗೆ ಹಾಕಿಕೊಂಡು ಬಂದಿದ್ದರು. ಎಚ್ಚರವಾದಾಗ ತಲೆಯ ಮೇಲೆ ತಗಡಿನ ಸೂರಿತ್ತು, ಎದುರಿಗೆ ಬೀಗ.

ಅವನು ಪೆದ್ದಪ್ಪನನ್ನು ಮಗ್ಗುಲಿಗೆ ಹೊರಳಿಸಿ ಬಾಯಿಯ ನೊರೆ ಒರೆಸಿದ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದ ಆ ಗಟ್ಟಿಮುಟ್ಟಾದ ಮೈ ಈಗ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. "ನೀಳ್ಳು ಸಾಮಿ, ನೀಳ್ಳು" ಎಂದು ತೆಲುಗಿನಲ್ಲಿ ನೀರು ಬೇಡಿತು.

ಹಿಂದಿನ ದಿನವಷ್ಟೇ ಪೆದ್ದಪ್ಪ ಹೇಳಿಕೊಂಡಿದ್ದ: "ನನ್ನನ್ಯಾರೂ ಎಳಕೊಂಡು ಬರ್ಲಿಲ್ಲ ಸಾರ್. ಒಳ್ಳೇ ಜಾಗವಾ ಅಂತ ನನ್ನ ಹೆಂಡ್ತಿ ಕೇಳಿದ್ಲು. ತಿಳಿದೋರು ಒಳ್ಳೇದು ಅಂದವ್ರೆ ಅಂದೆ. ಕುಡಿತ ಬಿಡಬೇಕು ಅಂತ ನಾನೇ ಬಸ್ಸು ಹತ್ತಿ ಬಂದೆ."

ಆಗ ಮುರಳಿಮೋಹನ್‌ಗೆ ಅವನ ಮುಖ ನೋಡಲಾಗಿರಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಪೆದ್ದಪ್ಪ ನೀರು ಕೇಳುವುದನ್ನು ನಿಲ್ಲಿಸಿದ. ಆಂಜಿ ಇನ್ನೊಬ್ಬನನ್ನು ಕರೆದುಕೊಂಡು ಬಂದು, ಹಾಸಿದ್ದ ದುಪ್ಪಟಿಯಲ್ಲೇ ಸುತ್ತಿ, ಗೂಡ್ಸ್ ಆಟೋಗೆ ಸಾಗಿಸಿದ.

ಸಂಜೆ ಮಾಲೀಕ ಶ್ರೀರಾಮಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಣ್ಣಗಿನ ದನಿ. ಇಡೀ ಕೇಂದ್ರದ ಸಿಬ್ಬಂದಿಯಲ್ಲಿ ಮುರಳಿಮೋಹನ್‌ನನ್ನು ಸಾರ್ ಎನ್ನುತ್ತಿದ್ದವನು ಅವನೊಬ್ಬನೇ.

"ಆಸ್ಪತ್ರೆಗೆ ಸೇರಿಸಿದ್ರೆ ಬದುಕ್ತಿದ್ದ," ಎಂದ ಮುರಳಿಮೋಹನ್. "ಹೊರಗೆ ಹೋದ ಮೇಲೆ ಇದನ್ನೆಲ್ಲ ಬರೀತೀನಿ."

"ಬರೀರಿ ಸಾರ್. ಆದ್ರೆ ಈಗ ನಿಮ್ಮ ಮಾತನ್ನ ಯಾರು ನಂಬ್ತಾರೆ?"

"ಪರೀಕ್ಷೆಗೆ ಬೇರೆಯವರು ಬರ್ತಾರೆ."

"ಬರ್ಲಿ. ತೋಪಿನ ನೆರಳಲ್ಲಿ ಕುರ್ಚಿ ಹಾಕ್ತೀವಿ. ನಾಟಿಕೋಳಿ ಸಾರು, ಜೊತೆಗೊಂದು ಬಾಟ್ಲಿ. ಕುರ್ಚಿ ಬಿಟ್ಟು ಈ ಬಾಗಿಲ ತನಕ ಬಂದೋರನ್ನ ನಾನಿನ್ನೂ ನೋಡಿಲ್ಲ."

ಮುರಳಿಮೋಹನ್‌ನ ನಾಲಿಗೆ ಒಣಗಿತು.

ಉಳಿದದ್ದು ಒಂದೇ ಆಸೆ, ಹೆಂಡತಿ ಸುನಂದ. ಸೇರಿಸಿದವಳು ಅವಳು, ಬಿಡಿಸಬೇಕಾದವಳೂ ಅವಳೇ. ಭಾನುವಾರ ಕೋಲಾರದಿಂದ ಅವಳು ಬಂದಾಗ ಮುಂದಿನ ಕೋಣೆಯಲ್ಲಿ ಭೇಟಿಗೆ ಬಿಟ್ಟರು. ಆಂಜಿ ಬಾಗಿಲಿಗೆ ಒರಗಿ ನಿಂತ.

ಮುರಳಿಮೋಹನ್ ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದ. ಬೀಗದ ಬಗ್ಗೆ ಹೇಳಿದ. ಅಂಗಿಯ ತೋಳು ಮಡಿಸಿ ಬಾಸುಂಡೆ ತೋರಿಸಿದ. ಪೆದ್ದಪ್ಪ ಸತ್ತದ್ದನ್ನೂ ಹೇಳಿದ.

"ಇವತ್ತೇ ಕರಕೊಂಡು ಹೋಗು ಸುನಂದ. ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಿದ್ರೆ ನನ್ನನ್ನೂ ದುಪ್ಪಟೀಲಿ ಸುತ್ತಿ ಕಳಿಸ್ತಾರೆ."

ಅವಳ ಕಣ್ಣು ತುಂಬಿತು. ಆದರೆ ಎದ್ದು ನಿಲ್ಲಲಿಲ್ಲ. ಕುಡಿತ ಬಿಡಿಸಿಕೊಳ್ಳುವವರು ಹೊರಗೆ ಬರಲು ಎಂಥ ಕಥೆಯನ್ನಾದರೂ ಕಟ್ಟುತ್ತಾರೆ ಎಂದು ಶ್ರೀರಾಮಪ್ಪ ಅವಳಿಗೆ ಮೊದಲೇ ಹೇಳಿದ್ದ. ಗಂಡ ಕಟ್ಟಿದ ಕಥೆಗಳನ್ನು ಅವಳು ವರ್ಷಗಟ್ಟಲೆ ಕೇಳಿದ್ದಳು.

"ಸೇರಿಸೋಕೆ ಮುಂಚೆ ಒಂದು ಮಾತು ವಿಚಾರಿಸಬಾರದಿತ್ತಾ?" ಅವನು ಹೆಚ್ಚುಕಡಿಮೆ ಕಿರುಚಿದ.

"ವಿಚಾರಿಸದೇ ಇರ್ತೀನೇನ್ರೀ? ಮಾಲೂರಲ್ಲಿ ನೋಡ್ದೆ, ಮುಳಬಾಗಿಲಲ್ಲಿ ನೋಡ್ದೆ. ಎಲ್ಲೂ ಮನಸ್ಸು ಒಪ್ಪಲಿಲ್ಲ." ಸುನಂದ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕುಡಿದಾಗ ನೀವು ಹೇಳೋದು ಯಾವುದನ್ನೂ ನಾನು ನಂಬಲ್ಲ. ಆದ್ರೆ ಕೆಲಸದ ವಿಷಯದಲ್ಲಿ ನೀವು ಸುಳ್ಳಾಡೋರಲ್ಲ ಅಂತ ಗೊತ್ತು."

ಆಂಜಿ ಬೀಗದ ಕೈ ಹಿಡಿದು ಹತ್ತಿರ ಬಂದ. ಅವಳು ಎದ್ದು, ಗಂಡನ ಕೆನ್ನೆ ಸವರಿ, ಮಗುವಿಗೆ ಧೈರ್ಯ ಹೇಳುವಂತೆ ಮೆಲ್ಲಗೆ ಹೇಳಿದಳು.

"ಹೋದ ವರ್ಷ ನೀವೇ ಖುದ್ದಾಗಿ ಬಂದು ನೋಡಿ, ಇಡೀ ಜಿಲ್ಲೇಲೇ ಮೊದಲ ದರ್ಜೆ ಕೊಟ್ಟಿದ್ದು ಈ ಕೇಂದ್ರಕ್ಕೆ ತಾನೇ?"